ಹಿತ್ತಲ ಕೋಳಿ, ಪಕ್ಕದ ಮನೆಯ ತಕರಾರು: ನಿಜವೆಷ್ಟು, ತಪ್ಪುಕಲ್ಪನೆ ಎಷ್ಟು?

ಹಾವೇರಿಯ ಹಳೆ ಓಣಿಯಾಗಲಿ, ರಾಣೆಬೆನ್ನೂರಿನ ಹೊಸ ಬಡಾವಣೆಯಾಗಲಿ, ಬ್ಯಾಡಗಿಯ ಸಾಲುಮನೆಗಳಾಗಲಿ, ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಸಾಕಿದವರು ಇಂದಿಗೂ ಸಿಗುತ್ತಾರೆ. ಆದರೆ ಮನೆಗಳು ಒತ್ತೊತ್ತಾಗಿ ಎದ್ದಂತೆ ಒಬ್ಬರ ಹಿತ್ತಲು ಇನ್ನೊಬ್ಬರು ಮಲಗುವ ಕೋಣೆಯ ಕಿಟಕಿಗೇ ತಾಗುತ್ತದೆ. ಆಗ ಗೋಡೆಯಾಚೆಯಿಂದ ಮಾತು ಬರುತ್ತದೆ: "ಅಕ್ಕಾರ, ನಿಮ್ಮ ಹುಂಜ ರಾತ್ರಿ ನಿದ್ದಿ ಮಾಡಾಕ ಬಿಡವಲ್ದು ನೋಡ್ರಿ." ಅದಕ್ಕೆ ಕಿವಿಗೊಡದಿದ್ದರೆ ಮುಂದಿನ ಮಾತು ಖಾರವಾಗುತ್ತದೆ: "ಕೋಳಿ ತಗೀರಿ, ಇಲ್ಲಾಂದ್ರ ನಗರಸಭೆಗೆ ಅರ್ಜಿ ಕೊಡ್ತೀನಿ."

ಒಂದು ಕಡೆ ಮೊಟ್ಟೆ ಮಾರಿ ಬರುವ ಕೈಖರ್ಚು, ಮಕ್ಕಳ ತಟ್ಟೆಗೆ ಬೀಳುವ ಮೊಟ್ಟೆ. ಇನ್ನೊಂದು ಕಡೆ ದುಡಿದು ದಣಿದವರ ನಿದ್ದೆ. ಎರಡೂ ಸಣ್ಣ ವಿಷಯಗಳಲ್ಲ. ಇಂಥ ಜಗಳದಲ್ಲಿ ನೆರೆಯವರು ಹೇಳುವುದರಲ್ಲಿ ಯಾವುದು ನಿಜ, ಯಾವುದು ತಪ್ಪುಕಲ್ಪನೆ, ಕೋಳಿ ಸಾಕಿದವರು ಏನು ಮಾಡಬಹುದು ಎಂಬುದನ್ನು ನಾವು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಮೊದಲು ದೂರನ್ನು ಬಿಡಿಸಿ ನೋಡಿ

"ಕೋಳಿ ಬೇಡ" ಎಂಬ ಒಂದೇ ಮಾತಿನೊಳಗೆ ಸಾಮಾನ್ಯವಾಗಿ ನಾಲ್ಕು ದೂರುಗಳಿರುತ್ತವೆ: ಹುಂಜದ ಕೂಗು, ಹಿಕ್ಕೆಯ ವಾಸನೆ ಮತ್ತು ನೊಣ, ರೋಗದ ಭಯ, ಕೋಳಿ ಅವರ ಅಂಗಳಕ್ಕೆ ನುಗ್ಗುವುದು. ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಕೂಗಿನಿಂದ ನಿದ್ದೆಗೆಟ್ಟವರಿಗೆ ಗೂಡು ತೊಳೆದು ತೋರಿಸಿದರೆ ಅವರ ಸಿಟ್ಟು ಇಳಿಯುವುದಿಲ್ಲ. ಆದ್ದರಿಂದ ಮೊದಲ ಕೆಲಸ, ಅವರಿಗೆ ನಿಜವಾಗಿ ಕಾಡುತ್ತಿರುವುದು ಯಾವುದು ಎಂದು ಕೇಳಿ ತಿಳಿಯುವುದು.

ಹುಂಜ ಬೆಳಕು ಕಂಡಾಗ ಮಾತ್ರ ಕೂಗುತ್ತದೆಯೇ?

ಇಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಹುಂಜಗಳನ್ನು ಸದಾ ಒಂದೇ ಪ್ರಮಾಣದ ಮಂದ ಬೆಳಕಿನಲ್ಲಿ ಇಟ್ಟಾಗಲೂ ಅವು ಹೆಚ್ಚುಕಡಿಮೆ ದಿನದ ಅದೇ ಹೊತ್ತಿಗೆ ಕೂಗುತ್ತಿದ್ದವು. ಅಂದರೆ ಅವುಗಳ ದೇಹದೊಳಗೇ ಒಂದು ಗಡಿಯಾರವಿದೆ. ಮುಂಜಾವಿಗೆ ಸುಮಾರು ಎರಡು ತಾಸು ಮೊದಲೇ ಕೂಗು ಶುರುವಾಗುತ್ತದೆ. ಜೊತೆಗೆ ಬೀದಿದೀಪ, ಬೈಕಿನ ಹೆಡ್‌ಲೈಟ್, ದೂರದ ಇನ್ನೊಂದು ಹುಂಜದ ಧ್ವನಿ ಕೂಡ ಅದನ್ನು ಎಬ್ಬಿಸುತ್ತವೆ. ಅದೇ ತಂಡದ ಮುಂದಿನ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಗುಂಪಿನಲ್ಲಿ ಮೇಲಿನ ಸ್ಥಾನದ ಹುಂಜ ಮೊದಲು ಕೂಗುತ್ತದೆ, ಉಳಿದವು ಅದರ ಹಿಂದೆ ಸರದಿಯಲ್ಲಿ ಕೂಗುತ್ತವೆ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಗೂಡಿಗೆ ಗೋಣಿಚೀಲ ಹೊದಿಸಿ ಕತ್ತಲು ಮಾಡಿದರೆ ಬೆಳಕಿಗೆ ಬೆಚ್ಚಿ ಕೂಗುವುದು ಕಡಿಮೆಯಾಗಬಹುದು, ಆದರೆ ನಸುಕಿನ ಕೂಗು ನಿಲ್ಲುವುದಿಲ್ಲ. ಎರಡನೆಯದು, "ನಾಲ್ಕು ಗಂಟೆಗೇ ಕೂಗತೈತಿ" ಎಂಬ ನೆರೆಯವರ ದೂರು ಸುಳ್ಳಲ್ಲ. ಶಬ್ದವೂ ಸಣ್ಣದಲ್ಲ: ಕೂಗುವ ಹುಂಜದ ಕಿವಿಯ ಬಳಿ ಅಳೆದಾಗ ಶಬ್ದ 100 ಡೆಸಿಬೆಲ್ ಮೀರಿದ್ದನ್ನು ಬೆಲ್ಜಿಯಂನ ಸಂಶೋಧಕರು ದಾಖಲಿಸಿದ್ದಾರೆ. ಬಾಯಿ ತೆರೆದಾಗ ಹುಂಜದ ಕಿವಿಯ ಹಾದಿ ತಾನೇ ಮುಚ್ಚಿಕೊಳ್ಳುವುದರಿಂದ ಅದರ ಕಿವಿಗೆ ಏನೂ ಆಗುವುದಿಲ್ಲ. ನೆರೆಯವರ ಕಿವಿಗೆ ಆ ಸೌಲಭ್ಯವಿಲ್ಲ.

ಹುಂಜವಿಲ್ಲದಿದ್ದರೆ ಮೊಟ್ಟೆ ಸಿಗುವುದಿಲ್ಲವೇ?

ಸಿಗುತ್ತದೆ. ಇದು ಬಹಳ ಜನ ನಂಬಿರುವ ತಪ್ಪುಕಲ್ಪನೆ. ಹೇಟೆ ಕೋಳಿ ಮೊಟ್ಟೆ ಇಡಲು ಹುಂಜ ಬೇಕಿಲ್ಲ. ಮೊಟ್ಟೆಯಿಂದ ಮರಿ ಬರಬೇಕಾದರೆ ಮಾತ್ರ ಹುಂಜ ಬೇಕು. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆಗಳೆಲ್ಲ ಹುಂಜದ ಸಂಪರ್ಕವಿಲ್ಲದೆ ಬಂದವೇ.

ಮರಿ ಬೇಕಾದವರಿಗೂ ದಾರಿಯಿದೆ. ಹುಂಜದ ಜೊತೆ ಒಮ್ಮೆ ಕೂಡಿದ ಹೇಟೆ ವೀರ್ಯವನ್ನು ದೇಹದಲ್ಲೇ ಇರಿಸಿಕೊಂಡು ಸುಮಾರು ಎರಡು ವಾರ ಫಲಿತ ಮೊಟ್ಟೆ ಇಡಬಲ್ಲದು. ಹಾಗಾಗಿ ಹುಂಜವನ್ನು ಹೊಲದ ಮನೆಯಲ್ಲೋ ಹಳ್ಳಿಯ ಸಂಬಂಧಿಕರಲ್ಲೋ ಬಿಟ್ಟು, ಕಾವಿಗೆ ಕೂರಿಸುವ ಮುಂಚೆ ನಾಲ್ಕು ದಿನ ತಂದರೆ ಸಾಕು. ಪಟ್ಟಣದ ಕೋಳಿ ಜಗಳಗಳಲ್ಲಿ ದೊಡ್ಡ ಪಾಲು ಹುಂಜದ ಕೂಗಿನದೇ ಆಗಿರುವುದರಿಂದ, ಇದೊಂದನ್ನು ಮಾಡಿದರೆ ಕೋಳಿಯೂ ಉಳಿಯುತ್ತದೆ, ನೆರೆಯೂ ಉಳಿಯುತ್ತದೆ. ಹೇಟೆಗಳು ಮೊಟ್ಟೆ ಇಟ್ಟಾಗ ಕೊಕ್ಕೊಕ್ಕೋ ಎನ್ನುತ್ತವೆ, ಆದರೆ ಅದು ಹಗಲಿನ ಮಾತು.

ವಾಸನೆಗೆ ಸುಣ್ಣ ಹಾಕಿದರೆ ಸಾಕೇ?

ಸಾಲದು. ಕೆಲವೊಮ್ಮೆ ವಾಸನೆ ಹೆಚ್ಚೂ ಆಗುತ್ತದೆ. ಕೋಳಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಚುಚ್ಚುವ ವಾಸನೆ ಅದರದೇ. ಈ ಕೆಲಸ ನಡೆಯಲು ತೇವ ಬೇಕು. ಒದ್ದೆ ಹಿಕ್ಕೆಯ ಮೇಲೆ ಸುಣ್ಣ ಉದುರಿಸಿದರೆ ಕ್ಷಾರಗುಣ ಏರಿ, ಒಳಗಿದ್ದ ಅಮೋನಿಯಾ ಇನ್ನಷ್ಟು ಗಾಳಿಗೆ ಬರುತ್ತದೆ. ಒಲೆಯ ಬೂದಿಯೂ ಕ್ಷಾರವೇ.

ನಿಜವಾದ ಮದ್ದು ಒಣಗಿಸುವುದು. ಗೂಡಿನ ನೆಲಕ್ಕೆ ಮೂರ್ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಅಥವಾ ಕಟ್ಟಿಗೆ ಹೊಟ್ಟು ಹರಡಿ, ಆಗಾಗ ಕೆದಕಿ, ಒದ್ದೆಯಾದ ಜಾಗದ ಹೊಟ್ಟನ್ನು ತೆಗೆದು ಹೊಸದು ಹಾಕಬೇಕು. ನೀರಿನ ಪಾತ್ರೆ ಚೆಲ್ಲದಂತೆ ಇಟ್ಟಿಗೆಯ ಮೇಲಿಡಬೇಕು. ಮಳೆಗಾಲದಲ್ಲಿ ಗೂಡಿಗೆ ಇರಿಚಲು ಬಡಿಯದಂತೆ ನೋಡಿಕೊಳ್ಳಬೇಕು.

ನೊಣಕ್ಕೂ ಇದೇ ಉಪಾಯ. ಬೆಚ್ಚಗಿನ ಹವೆಯಲ್ಲಿ ನೊಣದ ಮೊಟ್ಟೆ ಪೂರ್ಣ ನೊಣವಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಮೂರು ನಾಲ್ಕು ದಿನಕ್ಕೊಮ್ಮೆ ಹಿಕ್ಕೆ ತೆಗೆದು ಮುಚ್ಚಿದ ಗೊಬ್ಬರ ಗುಂಡಿಗೆ ಹಾಕಿದರೆ ಆ ಸರಪಳಿ ಮಧ್ಯದಲ್ಲೇ ತುಂಡಾಗುತ್ತದೆ.

ಕೋಳಿಯಿಂದ ಚಿಕುನ್‌ಗುನ್ಯಾ ಬರುತ್ತದೆಯೇ?

ಬರುವುದಿಲ್ಲ. 2006ರಲ್ಲಿ ಚಿಕುನ್‌ಗುನ್ಯಾ ದೇಶದಲ್ಲಿ ಹರಡಿದಾಗ ಕರ್ನಾಟಕದಲ್ಲೇ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾಗಿದ್ದವು. ಹೆಸರಿನಲ್ಲಿ 'ಚಿಕನ್' ಕೇಳಿಸುವುದರಿಂದ ಕೋಳಿಯ ಮೇಲೆ ಅನುಮಾನ ಹುಟ್ಟುವುದು ಸಹಜ. ಆದರೆ ಆ ಪದ ಆಫ್ರಿಕಾದ ಮಕೊಂಡೆ ಭಾಷೆಯದು. ಕೀಲುನೋವಿನಿಂದ ಮೈ ಬಾಗುವುದನ್ನು ಅದು ಹೇಳುತ್ತದೆ. ರೋಗ ಹರಡುವುದು ಈಡಿಸ್ ಸೊಳ್ಳೆ. ಚಿಕನ್ ಪಾಕ್ಸ್‌ಗೂ ಕೋಳಿಗೂ ಸಂಬಂಧವಿಲ್ಲ, ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್.

ಆದರೂ ಒಂದು ಎಚ್ಚರ ಬೇಕು. ಈಡಿಸ್ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಕೋಳಿಗೆ ಇಟ್ಟ ನೀರಿನ ಬೋಗುಣಿಯನ್ನು ವಾರಗಟ್ಟಲೆ ಬದಲಿಸದಿದ್ದರೆ ಅದೂ ಸೊಳ್ಳೆಯ ತೊಟ್ಟಿಲಾಗುತ್ತದೆ. ದಿನವೂ ಚೆಲ್ಲಿ, ಉಜ್ಜಿ ತೊಳೆದು ಹೊಸ ನೀರು ಹಾಕಿ.

ಹಕ್ಕಿಜ್ವರದ ಭಯ ಮಾತ್ರ ಪೂರ್ತಿ ಆಧಾರವಿಲ್ಲದ್ದಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಿತ್ತು. ರೋಗ ದೃಢಪಟ್ಟರೆ ಸುತ್ತಲಿನ ಒಂದು ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನು ಕೊಲ್ಲುತ್ತಾರೆ. ಆದರೆ ಆರೋಗ್ಯವಾಗಿರುವ ಕೋಳಿ ಪಕ್ಕದ ಹಿತ್ತಲಲ್ಲಿದೆ ಎಂದ ಮಾತ್ರಕ್ಕೆ ರೋಗ ಬರುವುದಿಲ್ಲ. ಕೋಳಿಗಳು ಒಮ್ಮೆಗೇ ಹಲವು ಸತ್ತರೆ ಅವನ್ನು ಬರಿಗೈಯಲ್ಲಿ ಮುಟ್ಟದೆ, ಚರಂಡಿಗೆ ಎಸೆಯದೆ, ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ. ಜವಾರಿ ಕೋಳಿಗಳನ್ನು ಹೆಚ್ಚು ಕೊಲ್ಲುವ ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್ ರೋಗಕ್ಕೆ, ಲಸಿಕೆ ಇದೆ. ಮರಿಗೆ ಒಂದು ವಾರವಾಗುವುದರೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿ ಹಾಕಿಸಬೇಕು. ಗೂಡು ಮುಟ್ಟಿದ ಮೇಲೆ ಮಕ್ಕಳು ಸೋಪಿನಿಂದ ಕೈ ತೊಳೆಯುವುದೂ ಮುಖ್ಯ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು.

ಒಣಹಾಕಿದ ಮೆಣಸಿನಕಾಯಿಗೆ ಕೋಳಿ ಬಾಯಿ ಹಾಕುವುದಿಲ್ಲವೇ?

ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಕಾಲಕ್ಕೆ ಅಂಗಳ, ಮಾಳಿಗೆ ಕೆಂಪಾಗುತ್ತವೆ. "ಖಾರದ ಹತ್ರ ಕೋಳಿ ಹೋಗೂದಿಲ್ಲ ಬಿಡ್ರಿ" ಎಂದು ಕೋಳಿಯವರು ಸಮಾಧಾನ ಹೇಳಬಹುದು. ಕೋಳಿಯನ್ನು ಓಡಿಸಲು ಗೋಡೆಯುದ್ದಕ್ಕೂ ಖಾರದ ಪುಡಿ ಚೆಲ್ಲುವ ಯೋಚನೆ ನೆರೆಯವರಿಗೂ ಬರಬಹುದು. ಎರಡೂ ಉಪಯೋಗವಿಲ್ಲ. ಖಾರದ ಉರಿ ನಮಗೆ ತಿಳಿಯುವುದು ನರಗಳಲ್ಲಿರುವ ಒಂದು ಗ್ರಾಹಕದಿಂದ. ಕೋಳಿಯಲ್ಲೂ ಆ ಗ್ರಾಹಕವಿದೆ, ಆದರೆ ಅದು ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಇದನ್ನು 2002ರಲ್ಲಿ ತೋರಿಸಿದವರಲ್ಲಿ ಒಬ್ಬರಾದ ಡೇವಿಡ್ ಜೂಲಿಯಸ್, ಈ ಗ್ರಾಹಕವನ್ನು ಕಂಡುಹಿಡಿದದ್ದಕ್ಕೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಅಂದರೆ ಖಾರ ಕೋಳಿಗೆ ಬೇಲಿಯಲ್ಲ.

ಒಂದು ಕೋಳಿ ಕೆದರಿ, ಹಿಕ್ಕೆ ಹಾಕಿದ ಮೆಣಸಿನಕಾಯಿ ಮಾರಲು ಬರುವುದಿಲ್ಲ. ಅದು ನೆರೆಯವರ ವರ್ಷದ ದುಡಿಮೆ. ಒಣಹಾಕುವ ವಾರಗಳಲ್ಲಾದರೂ ಕೋಳಿಗಳನ್ನು ಬಲೆಯೊಳಗೆ ಕೂಡಿಹಾಕುವುದು ಕೋಳಿ ಸಾಕಿದವರ ಹೊಣೆ. ಗೋಡೆ ಹಾರುವ ಕೋಳಿಗೆ ಒಂದು ಬದಿಯ ರೆಕ್ಕೆಯ ಉದ್ದನೆ ಗರಿಗಳ ತುದಿ ಕತ್ತರಿಸಿದರೆ ತೂಕ ತಪ್ಪಿ ಹಾರಲಾಗುವುದಿಲ್ಲ. ಬಲಿತ ಗರಿ ನಮ್ಮ ಉಗುರಿನಂತೆ, ನೋವಾಗುವುದಿಲ್ಲ. ರಕ್ತ ಹರಿಯುವ ಎಳೆ ಗರಿಯನ್ನು ಮಾತ್ರ ಮುಟ್ಟಬಾರದು.

ಮಾತಿಗೆ ಕೂರುವುದು ಹೇಗೆ?

ಸಿಟ್ಟಿನ ಹೊತ್ತಿನಲ್ಲಿ, ಓಣಿಯ ನಾಲ್ಕು ಜನರ ಎದುರು ಮಾತು ಬೇಡ. ಸಂಜೆ ಹೋಗಿ, "ಅಣ್ಣಾರ, ಯಾವ ಹೊತ್ತಿಗೆ ಭಾಳ ತ್ರಾಸ ಆಗತೈತ್ರಿ?" ಎಂದು ಕೇಳುವುದರಿಂದ ಶುರು ಮಾಡಿ. ಏನು ಮಾಡುತ್ತೀರಿ, ಎಷ್ಟು ದಿನದೊಳಗೆ ಮಾಡುತ್ತೀರಿ ಎಂದು ಹೇಳಿ, ಹೇಳಿದ್ದನ್ನು ಮಾಡಿ. ಹದಿನೈದು ದಿನದ ಮೇಲೆ ನೀವೇ ಹೋಗಿ ವಿಚಾರಿಸಿ. ಮೊಟ್ಟೆ ತಿನ್ನುವ ಮನೆಗೆ ನಾಲ್ಕು ಮೊಟ್ಟೆ, ತಿನ್ನದ ಮನೆಯ ಹೂಗಿಡಕ್ಕೆ ಕಳಿತ ಕೋಳಿಗೊಬ್ಬರ ಕೊಟ್ಟರೆ ಚೆಂದ. ಕೆಲವರ ತಕರಾರು ಊಟದ ಪದ್ಧತಿಯದೂ ಆಗಿರಬಹುದು. ಅದರ ಬಗ್ಗೆ ವಾದಕ್ಕಿಳಿಯದೆ, ಸರಿಪಡಿಸಬಹುದಾದ ಕೂಗು, ವಾಸನೆಗಳತ್ತಲೇ ಮಾತು ತಿರುಗಿಸುವುದು ಜಾಣತನ.

ಕಾನೂನು ಏನು ಹೇಳುತ್ತದೆ?

ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕಾಗುವುದು 5,000ಕ್ಕೂ ಹೆಚ್ಚು ಕೋಳಿಗಳಿರುವ ಫಾರಂಗಳಿಗೆ, ಹಿತ್ತಲ ನಾಲ್ಕು ಕೋಳಿಗಳಿಗಲ್ಲ. ಹಾಗೆಂದು ಕಾನೂನು ಕೈಕಟ್ಟಿ ಕೂರುವುದೂ ಇಲ್ಲ. ಹಾವೇರಿ, ರಾಣೆಬೆನ್ನೂರು ನಗರಸಭೆಗಳೂ ಬ್ಯಾಡಗಿ ಪುರಸಭೆಯೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಉಪದ್ರವದ ದೂರುಗಳ ಮೇಲೆ ಕ್ರಮ ಕೈಗೊಳ್ಳಬಹುದು. ಸ್ಥಳೀಯ ನಿಯಮಗಳನ್ನು ಕಚೇರಿಯಲ್ಲೇ ಕೇಳಿ ತಿಳಿಯಿರಿ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 292ರಡಿ 1,000 ರೂಪಾಯಿವರೆಗೆ ದಂಡವಿದೆ. ಒಂದೇ ಮನೆಗೆ ತೊಂದರೆಯಾದರೆ ಅವರು ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ವಸತಿ ಪ್ರದೇಶದ ಮಿತಿ ಆಗ 45 ಡೆಸಿಬೆಲ್. ಇದು ಸರಾಸರಿ ಲೆಕ್ಕ, ಒಂದು ಕೂಗಿಗೆ ಹಚ್ಚುವಂಥದ್ದಲ್ಲ. ಆದರೂ ನಸುಕಿನ ಕೂಗು ರಾತ್ರಿಯ ಲೆಕ್ಕಕ್ಕೇ ಬರುತ್ತದೆ ಎಂಬುದು ನೆನಪಿರಲಿ.

2025ರ ಫೆಬ್ರುವರಿಯಲ್ಲಿ ಕೇರಳದ ಅಡೂರಿನಲ್ಲಿ ಇಂಥದೇ ದೂರು ಕಂದಾಯ ಅಧಿಕಾರಿಯ ಮುಂದೆ ಬಂತು. ನಸುಕಿನ ಮೂರು ಗಂಟೆಗೇ ಕೂಗುವ ಹುಂಜದಿಂದ ಅನಾರೋಗ್ಯದ ಹಿರಿಯರ ನಿದ್ದೆ ಕೆಡುತ್ತಿತ್ತು. ಮನೆಯ ಮೇಲ್ಮಹಡಿಯಲ್ಲಿದ್ದ ಗೂಡನ್ನು 14 ದಿನದೊಳಗೆ ನಿವೇಶನದ ಇನ್ನೊಂದು ಬದಿಗೆ ಸರಿಸಲು ಆದೇಶವಾಯಿತು. ಫ್ರಾನ್ಸಿನಲ್ಲಿ 2019ರಲ್ಲಿ ಮೊರಿಸ್ ಎಂಬ ಹುಂಜದ ಪ್ರಕರಣದಲ್ಲಿ ಕೋರ್ಟು ಹುಂಜದ ಪರ ನಿಂತಿತು. ಅಂದರೆ ತೀರ್ಪು ಯಾವ ಕಡೆಗೂ ವಾಲಬಹುದು.

ಕೋರ್ಟು ಮೆಟ್ಟಿಲು ಹತ್ತುವ ಮೊದಲು ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಯನ್ನು ಕೇಳಿ. ದಾವೆ ಹೂಡದೆಯೂ ಇಂಥ ವ್ಯಾಜ್ಯವನ್ನು ಲೋಕ ಅದಾಲತ್‌ಗೆ ತರಬಹುದು. ಅಲ್ಲಿನ ರಾಜಿಗೆ ಕೋರ್ಟಿನ ಡಿಕ್ರಿಯ ಬಲವಿದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ನೆರೆಯವರು ಕೋಳಿಗೆ ವಿಷ ಹಾಕಿದರೆ?

ಅದು ಅಪರಾಧ. ನ್ಯಾಯ ಸಂಹಿತೆಯ ಕಲಂ 325ರಡಿ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಸತ್ತ ಕೋಳಿ ಕಂಡೊಡನೆ ನೆರೆಯವರ ಹೆಸರು ಹೇಳಬೇಡಿ. ಕೊಕ್ಕರೆ ರೋಗವೂ ರಾತ್ರೋರಾತ್ರಿ ಗೂಡು ಖಾಲಿ ಮಾಡಬಲ್ಲದು. ಫೋಟೊ ತೆಗೆದು, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ವರದಿ ಕೈಗೆ ಬಂದ ಮೇಲೆ ಪೊಲೀಸರಿಗೆ ದೂರು ಕೊಡಿ. ತಪ್ಪು ಆರೋಪ ಒಮ್ಮೆ ಬಾಯಿಂದ ಹೊರಬಿದ್ದರೆ, ಮುಂದೆ ಯಾವ ಗೂಡನ್ನು ಎಲ್ಲಿಗೆ ಸರಿಸಿದರೂ ಆ ನೆರೆ ಮತ್ತೆ ಕೂಡುವುದು ಕಷ್ಟ.

ಒಟ್ಟಿನಲ್ಲಿ

ರೋಗದ ಬಗ್ಗೆ ನೆರೆಯವರು ಹೇಳುವುದರಲ್ಲಿ ತಪ್ಪುಕಲ್ಪನೆ ಹೆಚ್ಚು. ಕೂಗು, ವಾಸನೆ, ಅಂಗಳದ ದಾಳಿಯ ಬಗ್ಗೆ ಅವರು ಹೇಳುವುದು ಬಹುಪಾಲು ನಿಜ. ನಿಜವಿದ್ದದ್ದನ್ನು ಮೊದಲು ಒಪ್ಪಿ ಸರಿಪಡಿಸಿದವರ ಮಾತನ್ನು, ತಪ್ಪುಕಲ್ಪನೆಯ ವಿಷಯದಲ್ಲೂ ನೆರೆಯವರು ಕೇಳುತ್ತಾರೆ. ಇವತ್ತೇ ಮಾಡಬಹುದಾದ ಕೆಲಸ ಮೂರು: ಹುಂಜವನ್ನು ಹೊಲಕ್ಕೆ ಕಳಿಸಿ, ಒದ್ದೆ ಹೊಟ್ಟು ಬದಲಿಸಿ, ನೀರಿನ ಬೋಗುಣಿ ತೊಳೆಯಿರಿ.