ಬಯಲಿಗೆ ಮರಳಿದ ನರ್ತನ

ನರ್ತನಕ್ಕೆ ಸೂರು ಬೇಕೆಂಬುದು ನಮ್ಮ ನಾಡಿನಲ್ಲಿ ಬಹು ಹಳೆಯ ಅಭಿಪ್ರಾಯವೇನೂ ಅಲ್ಲ. ಹಳೆಯ ಮೈಸೂರು ಸೀಮೆಯ ಮೂಡಲಪಾಯದವರು ಸುಗ್ಗಿ ಮುಗಿದ ಮೇಲೆ ಊರ ಮುಂದಣ ಬಯಲಿನಲ್ಲಿ, ಪಂಜಿನ ಬೆಳಕಿನಲ್ಲಿ, ಇರುಳಿಡೀ ಕುಣಿದರು. ಉತ್ಸವಮೂರ್ತಿ ಬೀದಿಗೆ ಬಂದಾಗ ಅದರ ಮುಂದೆ ನರ್ತಕಿಯ ಗೆಜ್ಜೆಯೂ ಬೀದಿಗೆ ಬಂದಿತು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ನವರಂಗದ ನಡುವೆ ದುಂಡಗೆ, ನುಣುಪಾಗಿ ಹಾಸಿದ ಕಲ್ಲಿನ ನೃತ್ಯಸ್ಥಾನವಿರುವುದು ನಿಜವೇ ಆದರೂ, ಅದೇ ಗುಡಿಯ ಹೊರಗಡೆ ಚಾಚಿದ ಸೂರಿನ ಕೆಳಗೆ ನಿಂತ ಮದನಿಕೆಯರು ಹಗಲ ಬೆಳಕಿಗೆ ಮೈಯೊಡ್ಡಿಕೊಂಡೇ ತಮ್ಮ ಭಂಗಿಗಳನ್ನು ತೋರುತ್ತಿದ್ದಾರೆ.

ಈ ಕಲೆ ಸಂಪೂರ್ಣವಾಗಿ ಒಳಮನೆಯನ್ನು ಸೇರಿದುದು ಇಪ್ಪತ್ತನೆಯ ಶತಮಾನದಲ್ಲಿ. 1910ರ ಹೊತ್ತಿಗೆ ಮೈಸೂರು ಸರ್ಕಾರವು ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಜಟ್ಟಿ ತಾಯಮ್ಮನವರಂತಹ ಅಭಿನಯನಿಪುಣೆಯರ ವಿದ್ಯೆಗೆ ಅರಮನೆಯೂ ರಸಿಕರ ಸಭೆಯೂ ಆಶ್ರಯವಾದುವು. 1930ರ ದಶಕದಲ್ಲಿ ಮದರಾಸಿನ ಸಂಗೀತ ಸಭೆಗಳು ಅದೇ ವಿದ್ಯೆಯನ್ನು ಭರತನಾಟ್ಯವೆಂಬ ಹೆಸರಿನಿಂದ ಸಭ್ಯಸಮಾಜದ ರಂಗಮಂಟಪಕ್ಕೆ ಏರಿಸಿದುವು. ಗಾಳಿಯಾಡದ, ದೀಪ ಮಿಸುಕದ, ಪ್ರೇಕ್ಷಕನ ದೃಷ್ಟಿ ಒಂದೇ ದಿಕ್ಕಿನಿಂದ ಬೀಳುವ ಆ ವೇದಿಕೆಯಲ್ಲಿ ಕಣ್ಣಿನ ಸಣ್ಣ ಚಲನೆಗೂ ಬೆಲೆ ಬಂದಿತು.

ನರ್ತಕಿಯನ್ನು ಮತ್ತೆ ಹೊರಗೆ ಕರೆದುದು ಚಲನಚಿತ್ರ. ಮೂಕಚಿತ್ರಗಳ ಕಡೆಗಾಲದಲ್ಲಿ, 1930-31ರ ಸುಮಾರಿಗೆ, ಮೋಹನ್ ಭವನಾನಿಯವರು ಮೃಚ್ಛಕಟಿಕದ ಕಥೆಯನ್ನು ಮೈಸೂರು ಸಂಸ್ಥಾನದಲ್ಲಿ ಚಿತ್ರವಾಗಿಸಿದಾಗ ಉಜ್ಜಯಿನಿಯ ವಸಂತಸೇನೆಯಾಗಿ ನಿಂತವರು ಏಣಾಕ್ಷಿ ರಾಮರಾವ್. ಕೈಲಾಸಂ ಅವರೂ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದರಲ್ಲಿ ಪಾತ್ರ ವಹಿಸಿದ್ದರು. ಆದರೆ ಮಾತು ಬಂದೊಡನೆಯೇ ಚಿತ್ರವೂ ಗೋಡೆಗಳ ನಡುವೆ ಸೇರಿಕೊಂಡಿತು, ಏಕೆಂದರೆ ಬಯಲಿನ ಸದ್ದನ್ನು ಮೈಕು ಬೇರ್ಪಡಿಸಲಾರದು. ಅನ್ನಾ ಪಾವ್ಲೋವಾಳೊಡನೆ 1923ರಲ್ಲಿ ಲಂಡನ್ನಿನಲ್ಲಿ ಕೃಷ್ಣನಾಗಿ ಕುಣಿದಿದ್ದ ಉದಯಶಂಕರರು, ಇಡೀ ಚಿತ್ರವೇ ನೃತ್ಯವಾದ ತಮ್ಮ ‘ಕಲ್ಪನಾ’ವನ್ನು ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತೆಗೆದು 1948ರಲ್ಲಿ ಹೊರತಂದರು. ನಮ್ಮ ಪಶ್ಚಿಮ ಬೆಂಗಳೂರಿನ ಅಂಚಿನಲ್ಲಿಯೂ 1966ರಲ್ಲಿ ಕಂಠೀರವ ಸ್ಟುಡಿಯೋ ಸ್ಥಾಪಿತವಾಯಿತು. ಕೆಂಗೇರಿಯ ಕಡೆ ಹಾಸ್ಯನಟ ಬಾಲಕೃಷ್ಣರ ಅಭಿಮಾನ್ ಸ್ಟುಡಿಯೋ ತಲೆಯೆತ್ತಿತು. ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದ ಸ್ಥಳದಲ್ಲಿ ಧ್ವನಿವರ್ಧಕದಿಂದ ನುಡಿಸಿ, ಅದಕ್ಕೆ ತುಟಿಯನ್ನೂ ಹೆಜ್ಜೆಯನ್ನೂ ಹೊಂದಿಸುವ ಪದ್ಧತಿ ಬಲಿತ ಮೇಲೆ ಮಾತ್ರ ಚಿತ್ರರಂಗದವರು ‘ಔಟ್‌ಡೋರ್’ ಎನ್ನುವ ಕಾರ್ಯವು ನರ್ತನಕ್ಕೂ ಸುಲಭವಾಯಿತು.

ಈ ಮರಳುವಿಕೆಯ ಎರಡು ದೃಷ್ಟಾಂತಗಳು ಒಂದು ವರ್ಷದ ಅಂತರದಲ್ಲಿ ತೆರೆಗೆ ಬಂದುವು. ಮೊದಲನೆಯದು ಕೆಂಗೇರಿ, ಬಿಡದಿಗಳನ್ನು ದಾಟಿ ಹೋಗುವ ಮೈಸೂರು ರಸ್ತೆಯ ಮೇಲಿನದು. ರಮೇಶ್ ಸಿಪ್ಪಿಯವರು 1973ರ ಅಕ್ಟೋಬರಿನಲ್ಲಿ ರಾಮನಗರದ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ‘ಶೋಲೆ’ಯ ಚಿತ್ರೀಕರಣವನ್ನು ಆರಂಭಿಸಿದರು, ಕಲಾನಿರ್ದೇಶಕ ರಾಮ್ ಯೇಡೇಕರರು ಅಲ್ಲಿ ಒಂದು ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದರು. ಭರತನಾಟ್ಯದಲ್ಲಿ ಪಳಗಿದ ಹೇಮಾಮಾಲಿನಿಯವರು ಬಸಂತಿಯಾಗಿ, ಕಾದ ಬಂಡೆಗಳ ನಡುವೆ, ನಲ್ಲನ ಪ್ರಾಣ ಉಳಿಯಬೇಕಾದರೆ ಹೆಜ್ಜೆ ನಿಲ್ಲಬಾರದೆಂಬ ದರೋಡೆಕಾರನ ಆಜ್ಞೆಗೆ ಒಳಗಾಗಿ, ಒಡೆದ ಗಾಜಿನ ಮೇಲೆ ಬರಿಗಾಲಿನಲ್ಲಿ ಕುಣಿಯುವ ಪ್ರಸಂಗವನ್ನು ನೋಡದ ಕನ್ನಡಿಗ ವಿರಳ. ಆ ನೃತ್ಯದಲ್ಲಿ ಶಾಸ್ತ್ರದ ಸೂಕ್ಷ್ಮತೆ ಹೆಚ್ಚಿಲ್ಲ, ಅದನ್ನು ಯಾರೂ ನಿರೀಕ್ಷಿಸಲೂ ಇಲ್ಲ. ಆದರೆ ಬಿಸಿಲೂ ಕಗ್ಗಲ್ಲೂ ಅಲ್ಲಿ ಅಲಂಕಾರವಾಗಿ ಬಂದವುಗಳಲ್ಲ. ಕಥೆ ಅವುಗಳನ್ನು ಬೇಡಿದೆ. ಬಂಡೆ ತಣ್ಣಗಿದ್ದಿದ್ದರೆ ಬಸಂತಿಯ ಹೆಜ್ಜೆಗೆ ಅರ್ಥವೇ ಇರುತ್ತಿರಲಿಲ್ಲ.

ಎರಡನೆಯದು ಮಹಾಬಲಿಪುರದ ಕಡಲ ತೀರದ್ದು. ನಾಡು ಬೇರೆಯಾದರೂ ಅದರ ಹಾಡು ನಮ್ಮದು. ಹುಡುಗನಾಗಿದ್ದಾಗಲೇ ಕಲ್ಕತ್ತೆಯಲ್ಲಿ ಬಾಲಸರಸ್ವತಿಯವರ ನೃತ್ಯವನ್ನು ಕಂಡು ಬೆರಗಾಗಿದ್ದ ಸತ್ಯಜಿತ್ ರಾಯರು ನಾಲ್ಕು ದಶಕಗಳ ಮೇಲೆ, 1976ರಲ್ಲಿ, ಆಕೆಯನ್ನು ಕುರಿತು ‘ಬಾಲಾ’ ಎಂಬ ಅರ್ಧ ಗಂಟೆಯ ಕಿರುಚಿತ್ರವನ್ನು ರಚಿಸಿದರು. ವೀಣಾ ಧನಮ್ಮಾಳರ ಮೊಮ್ಮಗಳು, ಕಂದಪ್ಪ ಪಿಳ್ಳೆಯವರ ಶಿಷ್ಯೆ, ಏಳನೆಯ ವಯಸ್ಸಿನಲ್ಲಿ ಕಾಂಚಿಯ ಕಾಮಾಕ್ಷಿಯ ಸನ್ನಿಧಿಯಲ್ಲಿ ಗೆಜ್ಜೆ ಕಟ್ಟಿದ ಆಕೆಗೆ ಆಗ ಐವತ್ತೆಂಟು ವರ್ಷ. ಬಯಲಿನಲ್ಲಿ ಅಭಿನಯಿಸಲು ಆಯ್ದುಕೊಂಡುದು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೊ’. ರಾಗ ಯಮನ್ ಕಲ್ಯಾಣಿ, ತಾಳ ಮಿಶ್ರಛಾಪು. ಮೈಸೂರು ಸೀಮೆಯ ಬನ್ನೂರಿನಲ್ಲಿ ಹುಟ್ಟಿ, ವಿಜಯನಗರದ ಕೃಷ್ಣದೇವರಾಯನಿಂದ ಪೂಜಿತರಾಗಿ, 1539ರಲ್ಲಿ ಆನೆಗೊಂದಿಯ ಬಳಿ ಬೃಂದಾವನಸ್ಥರಾದ ಯತಿಯ ಕನ್ನಡ ಪದವು ತಮಿಳುನಾಡಿನ ನರ್ತಕಿಯ ಹಸ್ತದಿಂದ ಬಂಗಾಳದ ನಿರ್ದೇಶಕನ ಕ್ಯಾಮೆರಾವನ್ನು ಸೇರಿದುದು ಸಾಮಾನ್ಯ ಸಂಗತಿಯಲ್ಲ.

ಆದರೂ ಆ ದೃಶ್ಯವನ್ನು ನೋಡುವಾಗ ನನಗೆ ಒಂದು ತೊಡಕು ಕಾಣುತ್ತದೆ. ಅಭಿನಯವೆಂಬುದು ಇಲ್ಲದುದನ್ನು ಇದೆಯೆಂದು ತೋರುವ ವಿದ್ಯೆ. ಕೈ ಬೀಸಿ ಕರೆದಾಗ ಗೋಕುಲದ ಅಂಗಳ ಹುಟ್ಟಬೇಕು. ಮಗುವಿನ ಬಾಯೊಳಗೆ ಇಣುಕಿದ ತಾಯಿಯ ಕಣ್ಣಿನಲ್ಲಿ ಮೂರು ಲೋಕಗಳೂ ಹೊಳೆಯಬೇಕು. ಅಂತಹ ಕ್ಷಣದಲ್ಲಿ ಬೆನ್ನ ಹಿಂದೆ ನಿಜವಾದ ಅಲೆಗಳು ಬಂದು ಒಡೆಯುತ್ತವೆ, ಗಾಳಿ ಸೀರೆಯನ್ನು ಹಿಡಿದೆಳೆಯುತ್ತದೆ. ಯಶೋದೆಗೆ ಆ ಸಮುದ್ರದಿಂದ ಯಾವ ಪ್ರಯೋಜನವೂ ಇಲ್ಲ. ಇಷ್ಟಾದರೂ, ಬಾರದ ಮಗನನ್ನು ಹುಸಿಮುನಿಸಿನಿಂದ ಗದರಿ ಒಡನೆಯೇ ಕರಗುವ ಆ ಮುಖದ ಮುಂದೆ ಕಡಲು ಕೊನೆಗೆ ಹಿಂದೆ ಸರಿಯುತ್ತದೆ. ಗೆದ್ದುದು ಸ್ಥಳವಲ್ಲ, ಅಭಿನಯ.

ಅನ್ಯದೇಶಗಳ ನರ್ತನಕ್ಕೂ ಈ ಪರೀಕ್ಷೆ ತಪ್ಪಿದ್ದಲ್ಲ. 1962ರಲ್ಲಿ ರಾಷ್ಟ್ರೀಯ ಬ್ಯಾಲೆ ಸಂಸ್ಥೆಯನ್ನು ಕಟ್ಟಿ, 1985ರ ಲೊಸಾನ್ ಸ್ಪರ್ಧೆಯಲ್ಲಿ ಕಾಂಗ್ ಸೂ-ಜಿನ್ ಎಂಬ ಬಾಲೆಯ ಮೂಲಕ ಜಗತ್ತಿನ ಗಮನ ಸೆಳೆದ ದೇಶ ಕೊರಿಯಾ. ಅಲ್ಲಿನ ಬ್ಯಾಲೆ ನರ್ತಕಿಯೊಬ್ಬಳು ಇಂದು ಕಿರುಚಿತ್ರಕ್ಕಾಗಿ ಬಯಲಿಗೆ ಬಂದರೆ, ಅವಳ ಕಷ್ಟ ಇನ್ನೂ ಹೆಚ್ಚಿನದು. ಬೆರಳ ತುದಿಯ ಮೇಲೆ ನಿಲ್ಲಿಸುವ ಅವಳ ಪಾದರಕ್ಷೆ ಹುಟ್ಟಿದುದೇ ಸಮತಲವಾದ ಮರದ ನೆಲಕ್ಕಾಗಿ. ಅವಳು ಮಣ್ಣಿನ ಮೇಲೆ ಹಲಗೆ ಹಾಸಬೇಕು, ಇಲ್ಲವೆ ಬರಿಗಾಲಿಗೆ ಇಳಿದು ತನ್ನ ವಿದ್ಯೆಯ ಅರ್ಧವನ್ನು ಬಿಟ್ಟುಕೊಡಬೇಕು. ನಮ್ಮವರಿಗೆ ಆ ಬಾಧೆಯಿಲ್ಲ. ನಮ್ಮ ಪಾದ ಮೊದಲಿನಿಂದಲೂ ಕಲ್ಲಿನದು, ಮಣ್ಣಿನದು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮಹಡಿಮನೆಗಳಲ್ಲಿ ತಟ್ಟುಕಳಿಯ ಲಯಕ್ಕೆ ಅಡವು ಕಲಿತು ರಂಗಪ್ರವೇಶ ಮುಗಿಸಿದ ಹೆಣ್ಣುಮಕ್ಕಳು ಈಗ ಮೊಬೈಲ್ ಹಿಡಿದ ಗೆಳತಿಯೊಡನೆ ಭಾನುವಾರದ ಬೆಳಗ್ಗೆ ಬೆಟ್ಟವನ್ನೋ ಹಾಳುಮಂಟಪವನ್ನೋ ಅರಸಿ ಹೊರಡುತ್ತಾರೆ. ಹೊರಡಲಿ, ಬಯಲು ಅವರಿಗೆ ಅಜ್ಜಿಯಂದಿರಿಂದ ಬಂದ ಹಕ್ಕು. ಆದರೆ ಸ್ಥಳವನ್ನು ಆರಿಸುವ ಮುನ್ನ ತಾವು ಆಡಲಿರುವ ಪದವನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು. ಪದ ಬಂಡೆಯನ್ನು ಬೇಡಿದರೆ ರಾಮನಗರಕ್ಕೆ ಹೋಗಬಹುದು. ಬೇಡದಿದ್ದರೆ ಮನೆಯ ಹಿತ್ತಿಲೇ ಸಾಕು, ಗೋಕುಲವನ್ನು ಹೇಗೂ ಕಣ್ಣಿನಿಂದಲೇ ಕಟ್ಟಬೇಕಾಗಿದೆ.