ಕೈಯಿಂದ ಕಂಟ್ರೋಲರ್ ಕಿತ್ಕೊಂಡ ಮೇಲೆ: ಗೇಮ್‌ಗಳು ಸಿನಿಮಾ ಆದ ಕಥೆ

🎮 ಸರಣಿ | ಒಟ್ಟು 7 ಪೋಸ್ಟ್

ಭಾಗ 1/7: ಒಂದು ಸಾಲಿನ ಕಥೆ

1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಸೂಪರ್ ಮಾರಿಯೊ ಬ್ರದರ್ಸ್’ ಗೇಮ್ ಬಿಡುಗಡೆ ಮಾಡ್ತು. ಅದರ ಕಥೆ ಎಷ್ಟುದ್ದ ಗೊತ್ತಾ? ರಾಜಕುಮಾರಿಯನ್ನ ರಾಕ್ಷಸ ಹೊತ್ಕೊಂಡು ಹೋಗಿದ್ದಾನೆ, ಬಿಡಿಸ್ಕೊಂಡು ಬಾ. ಮುಗೀತು!

ಆ ಒಂದು ಸಾಲಿಗೆ ಜಗತ್ತಿನ ಮಕ್ಕಳೆಲ್ಲ ಗಂಟೆಗಟ್ಟಲೆ ಕೂತ್ರು. 90ರ ದಶಕದಲ್ಲಿ ನಮ್ಮ ಊರುಗಳಿಗೂ ಬಂತು. ನಕಲಿ ಯಂತ್ರವೇ ಇರಲಿ, ನಾವು ಅದನ್ನ ‘ಟೀವಿ ಗೇಮ್’ ಅಂತಿದ್ವಿ. ಕ್ಯಾಸೆಟ್ ಓಡದಿದ್ರೆ ಉಫ್ ಅಂತ ಊದಿ ಮತ್ತೆ ಸಿಗಿಸೋದು. ನೆನಪಿದೆಯಲ್ಲ?

ಹಾಗಿದ್ರೆ ಜನ ಕೂತಿದ್ದು ಕಥೆಗಾ? ಅಲ್ಲ. ಹಳ್ಳ ಬಂದಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದ್ರೆ ಮಾರಿಯೊ ದಾಟ್ತಾನೆ, ಅರೆಕ್ಷಣ ತಡ ಆದ್ರೆ ಬೀಳ್ತಾನೆ. ಬಿದ್ದಿದ್ದು ನಾವೇ, ದಾಟಿದ್ದೂ ನಾವೇ. ಆಟದ ಸುಖ ಇರೋದು ಅಲ್ಲಿ.

ಸಿನಿಮಾ ಮೊದಲು ಮಾಡೋ ಕೆಲಸವೇ ಆ ಬಟನ್ನನ್ನ ನಮ್ಮ ಕೈಯಿಂದ ಕಿತ್ಕೊಳ್ಳೋದು.

ಕಾದಂಬರಿ ಸಿನಿಮಾ ಆದಾಗಲೂ ಜಗಳ ಆಗುತ್ತೆ ನಿಜ. 1972ರ ‘ನಾಗರಹಾವು’ ನೋಡಿ ಮೂಲ ಲೇಖಕ ತರಾಸು ಅವರಿಗೇ ಸಮಾಧಾನ ಆಗಿರಲಿಲ್ಲ. ಆದ್ರೆ ಅಲ್ಲಿ ಪುಟ್ಟಣ್ಣ ಕಣಗಾಲರ ಕೈಗೆ ಕಥೆ ಇತ್ತು, ಪಾತ್ರಗಳಿದ್ವು, ದುರ್ಗದ ಕೋಟೆ ಇತ್ತು. ಗೇಮ್ ಕೈಗೆತ್ತಿಕೊಂಡ ನಿರ್ದೇಶಕನಿಗೆ ಎಷ್ಟೋ ಸಲ ಸಿಕ್ಕಿದ್ದು ಒಂದು ಟೊಪ್ಪಿ, ಒಂದು ಮೀಸೆ, ಒಂದು ಸಾಲು.

ಹಾಗಾದ್ರೆ ಗೇಮ್‌ನಿಂದ ಒಳ್ಳೆ ಸಿನಿಮಾ ಬರೋಕೆ ಸಾಧ್ಯನಾ? ನಲವತ್ತು ವರ್ಷದ ಇತಿಹಾಸ ಏನು ಹೇಳುತ್ತೆ ನೋಡೋಣ.

—

ಭಾಗ 2/7: ಮಾರಿಯೊ, ಡೈನೋಸಾರ್ ಮತ್ತು ಫಂಗಸ್

ಜಪಾನ್‌ನಲ್ಲಿ 1986ರಲ್ಲೇ ಮಾರಿಯೊ ಕಾರ್ಟೂನ್ ಚಿತ್ರ ಬಂದಿತ್ತು. ಸುಮಾರು ಒಂದು ಗಂಟೆಯದು. ಅದರ ಶುರು ಮಜವಾಗಿದೆ: ಮಾರಿಯೊ ಮನೆಯಲ್ಲಿ ಕೂತು ವಿಡಿಯೊ ಗೇಮ್ ಆಡ್ತಿರ್ತಾನೆ, ರಾಜಕುಮಾರಿ ಟೀವಿಯೊಳಗಿಂದ ಹೊರಗೆ ಬರ್ತಾಳೆ.

ಆದ್ರೆ ಜಗತ್ತು ನೆನಪಿಟ್ಕೊಂಡಿದ್ದು 1993ರ ಮೇ ತಿಂಗಳ ಹಾಲಿವುಡ್ ಚಿತ್ರವನ್ನ. ನಿರ್ಮಾಪಕ ರೋಲಂಡ್ ಜಾಫಿ ಸಾಮಾನ್ಯ ಮನುಷ್ಯ ಅಲ್ಲ. ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಮಾಡಿದವರು, ಅದರ ಹಿಂದಿನ ವರ್ಷವಷ್ಟೇ ಕೋಲ್ಕತ್ತದಲ್ಲಿ ಚಿತ್ರೀಕರಿಸಿದ ‘ಸಿಟಿ ಆಫ್ ಜಾಯ್’ ನಿರ್ದೇಶಿಸಿದ್ದವರು. ಮಾರಿಯೊ ಪಾತ್ರಕ್ಕೆ ಬಾಬ್ ಹಾಸ್ಕಿನ್ಸ್, ಖಳನಾಯಕನ ಪಾತ್ರಕ್ಕೆ ಡೆನಿಸ್ ಹಾಪರ್. ಪ್ರತಿಭೆಗೆ ಕೊರತೆ ಇರಲಿಲ್ಲ.

ಕೊರತೆ ಇದ್ದಿದ್ದು ಕಥೆಗೆ. ಒಂದು ಸಾಲನ್ನ ಒಂದೂಮುಕ್ಕಾಲು ಗಂಟೆಗೆ ಎಳೀಬೇಕಲ್ಲ? ಬರಹಗಾರರ ಮೇಲೆ ಬರಹಗಾರರು ಬದಲಾದ್ರು, ಶೂಟಿಂಗ್ ನಡೀತಿದ್ದಾಗಲೂ ಚಿತ್ರಕಥೆ ತಿದ್ದುಪಡಿ ಆಗ್ತಿತ್ತು. ಕೊನೆಗೆ ತಯಾರಾಗಿದ್ದು ಏನು? ಡೈನೋಸಾರ್‌ಗಳಿಂದ ವಿಕಾಸವಾದ ಮನುಷ್ಯರ ಕತ್ತಲೆ ನಗರ. ಗೇಮ್‌ನ ನೀಲಿ ಆಕಾಶ, ಹಸಿರು ಕೊಳವೆ, ನಗುನಗುವ ಅಣಬೆ ಎಲ್ಲ ಮಾಯ. ಅಣಬೆಯ ಬದಲು ಊರ ತುಂಬಾ ಅಂಟಂಟಾಗಿ ನೇತಾಡೋ ಫಂಗಸ್. ಆ ಫಂಗಸ್ಸೇ ರಾಜಕುಮಾರಿಯ ಅಪ್ಪ!

ಖರ್ಚು ಸುಮಾರು 4.8 ಕೋಟಿ ಡಾಲರ್. ಅಮೆರಿಕದಲ್ಲಿ ಬಂದಿದ್ದು ಅದರ ಅರ್ಧಕ್ಕಿಂತ ಕಡಿಮೆ. ಎರಡು ವಾರ ಕಳೆಯೋದ್ರೊಳಗೆ ಎದುರಿಗೆ ‘ಜುರಾಸಿಕ್ ಪಾರ್ಕ್’ ಬಂತು. ಡೈನೋಸಾರ್ ಬೇಕಿದ್ದವರು ಅಲ್ಲಿಗೆ ಹೋದ್ರು. 2007ರಲ್ಲಿ ಹಾಸ್ಕಿನ್ಸ್ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಗೆ, ತಾನು ಮಾಡಿದ ಅತಿ ಕೆಟ್ಟ ಕೆಲಸ ಇದೇ ಅಂತ ಹೇಳಿಬಿಟ್ರು.

ಬಟನ್ ಕಿತ್ಕೊಂಡ್ರು. ಬದಲಿಗೆ ಕೊಟ್ಟಿದ್ದು, ಯಾರೂ ಕೇಳದೇ ಇದ್ದ ಬೇರೆ ಯಾವುದೋ ಲೋಕವನ್ನ.

—

ಭಾಗ 3/7: ಸಿನಿಮಾದಿಂದ ಬಂದ ಗೇಮ್, ಮತ್ತೆ ಸಿನಿಮಾಗೆ

ಎರಡು ವರ್ಷ ಕಳೀತು. 1995ರ ಆಗಸ್ಟ್, ‘ಮಾರ್ಟಲ್ ಕಾಂಬ್ಯಾಟ್’. ದೊಡ್ಡ ತಾರೆಯರಿಲ್ಲ, ಬಜೆಟ್ ಸುಮಾರು 2 ಕೋಟಿ ಡಾಲರ್. ಗಳಿಕೆ 12 ಕೋಟಿ ದಾಟಿತು. ಅಮೆರಿಕದಲ್ಲಿ ಸತತ ಮೂರು ವಾರ ಮೊದಲ ಸ್ಥಾನ.

ಹೇಗೆ? ಆ ಗೇಮ್‌ನ ಬೇರು ನೋಡಿ. ಒಂದು ದ್ವೀಪ, ಅಲ್ಲೊಂದು ಕಾದಾಟದ ಪಂದ್ಯ, ನಾನಾ ಕಡೆಯಿಂದ ಬಂದ ಜಟ್ಟಿಗಳು. ಎಲ್ಲೋ ನೋಡಿದ ಹಾಗಿದೆ ಅನ್ಸುತ್ತಾ? ಬ್ರೂಸ್ ಲೀ ಅವರ ‘ಎಂಟರ್ ದಿ ಡ್ರ್ಯಾಗನ್’ (1973). ಎಡ್ ಬೂನ್, ಜಾನ್ ಟೊಬಿಯಾಸ್ ಸೇರಿ 1992ರಲ್ಲಿ ಮಾಡಿದ ಈ ಗೇಮ್ ಕುಂಗ್ ಫು ಸಿನಿಮಾಗಳ ಎದೆಹಾಲು ಕುಡಿದು ಬೆಳೆದದ್ದು. ಅದನ್ನ ತೆರೆಗೆ ತರೋದು ಅಂದ್ರೆ ತವರಿಗೆ ಕರ್ಕೊಂಡು ಬಂದ ಹಾಗೆ. ನಿರ್ದೇಶಕ ಪಾಲ್ ಆಂಡರ್ಸನ್ ಬುದ್ಧಿವಂತಿಕೆ ಮಾಡೋಕೆ ಹೋಗಲಿಲ್ಲ. ಪಂದ್ಯವನ್ನ ಪಂದ್ಯವಾಗೇ ಇಟ್ರು, ಟೆಕ್ನೋ ಸಂಗೀತ ಜೋರಾಗಿ ಹಾಕಿದ್ರು.

ದೊಡ್ಡ ಸಿನಿಮಾ ಅಂತ ಯಾರೂ ಅನ್ನಲ್ಲ. ಆದ್ರೆ ಕೈಯಲ್ಲಿ ಬಟನ್ ಇಲ್ಲದಿದ್ರೂ ಕಾಲು ಕುಣೀತಿತ್ತು.

ಮೊದಲ ಪಾಠ ಇದು: ಎಲ್ಲ ಗೇಮ್‌ಗಳೂ ತೆರೆಯಿಂದ ಒಂದೇ ದೂರದಲ್ಲಿಲ್ಲ. ಕೆಲವು ಪಕ್ಕದ ಮನೆ, ಕೆಲವು ಏಳು ಸಮುದ್ರದ ಆಚೆ.

—

ಭಾಗ 4/7: ಸೃಷ್ಟಿಕರ್ತನೇ ನಿರ್ದೇಶಕ ಆದಾಗ

“ಗೇಮ್ ಗೊತ್ತಿಲ್ಲದವರು ಸಿನಿಮಾ ಮಾಡಿದ್ರೆ ಹೀಗೇ ಆಗೋದು, ಗೇಮ್ ಮಾಡಿದವರೇ ಮಾಡಲಿ.” ಈ ಮಾತು ಕಾಮೆಂಟಲ್ಲಿ ಬಂದೇ ಬರುತ್ತೆ, ಗೊತ್ತು. ಅದನ್ನೂ ಪರೀಕ್ಷೆ ಮಾಡಿ ಆಗಿದೆ.

ಹಿರೊನೊಬು ಸಕಾಗುಚಿ ‘ಫೈನಲ್ ಫ್ಯಾಂಟಸಿ’ ಗೇಮ್ ಸರಣಿಯ ಜನಕ. ಅವರ ಕಂಪನಿ ಸ್ಕ್ವೇರ್, ಹವಾಯಿಯ ಹೊನೊಲುಲುವಿನಲ್ಲಿ ಸ್ಟುಡಿಯೊ ಕಟ್ಟಿತು. ಕಂಪ್ಯೂಟರಿನಲ್ಲೇ ನಿಜವಾದ ಮನುಷ್ಯರಂತೆ ಕಾಣೋ ಪಾತ್ರಗಳನ್ನ ಸೃಷ್ಟಿಸೋ ಹಟ. ನಾಯಕಿ ಆಕಿ ರಾಸ್ ತಲೆಯಲ್ಲಿ ಸುಮಾರು 60,000 ಕೂದಲು, ಒಂದೊಂದನ್ನೂ ಬೇರೆಬೇರೆಯಾಗಿ ಅಲುಗಾಡಿಸಿದ್ರು. ನಾಲ್ಕು ವರ್ಷದ ಕೆಲಸ. 2001ರ ಜುಲೈನಲ್ಲಿ ಚಿತ್ರ ತೆರೆಗೆ ಬಂತು.

ಖರ್ಚು 13.7 ಕೋಟಿ ಡಾಲರ್. ಜಗತ್ತಿನಾದ್ಯಂತ ಗಳಿಕೆ ಸುಮಾರು 8.5 ಕೋಟಿ.

ಕೂದಲು ಅದ್ಭುತ. ಆದ್ರೆ ಗೇಮ್ ಆಡಿದವರು ಪ್ರೀತಿಸಿದ್ದ ಮಾಯಾಲೋಕ ಎಲ್ಲಿ? ಸವಾರಿ ಮಾಡೋ ಹಳದಿ ಹಕ್ಕಿ ‘ಚೊಕೊಬೊ’ ಎಲ್ಲಿ? ಗಂಟೆಗಟ್ಟಲೆ ಜತೆಯಲ್ಲಿ ಅಲೆದು ನಿಧಾನವಾಗಿ ಗೆಳೆಯರಾಗೋ ಆ ತಂಡ ಎಲ್ಲಿ? ಗೇಮ್‌ನಲ್ಲಿ ಒಂದು ಪಾತ್ರ ಸತ್ತರೆ ನಾವು ಅತ್ತಿದ್ದು, ನಲವತ್ತು ಗಂಟೆ ಅವರನ್ನ ಕಾಪಾಡಿಕೊಂಡು ಬಂದಿದ್ದಕ್ಕೆ. ಎರಡು ಗಂಟೆಯೂ ಇಲ್ಲದ ಚಿತ್ರದಲ್ಲಿ ಆ ಸಲಿಗೆ ಬೆಳೆಯೋಕೆ ಸಮಯವೇ ಸಿಗಲಿಲ್ಲ.

ಪೆಟ್ಟು ಬರೀ ಲೆಕ್ಕದ ಪುಸ್ತಕಕ್ಕೆ ಬೀಳಲಿಲ್ಲ. ಸ್ಟುಡಿಯೊ ಮುಚ್ಚಿತು, ಅಲ್ಲಿದ್ದವರು ಚೆದುರಿದ್ರು. ಸಕಾಗುಚಿ ಉನ್ನತ ಹುದ್ದೆಯಿಂದ ಇಳಿದು, 2003ರಲ್ಲಿ ತಾವೇ ಬೆಳೆಸಿದ ಕಂಪನಿಯನ್ನ ಬಿಟ್ಟು ಹೊರಟ್ರು. ಅದೇ ವರ್ಷ ಸ್ಕ್ವೇರ್ ತನ್ನ ಹಳೇ ಎದುರಾಳಿ ಎನಿಕ್ಸ್ ಜತೆ ಒಂದಾಯಿತು.

ಎರಡನೇ ಪಾಠ: ಗೇಮ್ ಚೆನ್ನಾಗಿ ಗೊತ್ತಿರೋದು ಬೇಕು, ಆದ್ರೆ ಅದೊಂದೇ ಸಾಲಲ್ಲ.

—

ಭಾಗ 5/7: ಸೋತರೂ ಲಾಭ!

ಇದು ಚಿಕ್ಕ ಪೋಸ್ಟ್. ‘ಗೇಮ್ ಸಿನಿಮಾ ಅಂದ್ರೆ ಕಳಪೆ’ ಅನ್ನೋ ಹೆಸರು ಗಟ್ಟಿ ಆಗಿದ್ದು 2003ರಿಂದ 2008ರ ನಡುವೆ. ಅದಕ್ಕೆ ಜರ್ಮನಿಯ ತೆರಿಗೆ ಕಾನೂನೂ ಒಂದು ಕಾರಣ!

ಆಗ ಅಲ್ಲಿ ಸಿನಿಮಾ ನಿಧಿಗೆ ದುಡ್ಡು ಹಾಕಿದವರು ಆ ಮೊತ್ತವನ್ನ ತಮ್ಮ ತೆರಿಗೆಯ ಆದಾಯದಿಂದ ಕಳೆದುಕೊಳ್ಳಬಹುದಿತ್ತು. ಅಂದ್ರೆ ಚಿತ್ರ ನೆಲಕಚ್ಚಿದ್ರೂ ಹೂಡಿದವರಿಗೆ ಪೂರ್ತಿ ನಷ್ಟ ಇಲ್ಲ. ನಿರ್ದೇಶಕ ಊವೆ ಬೋಲ್ ಈ ದುಡ್ಡಿನಿಂದ ‘ಹೌಸ್ ಆಫ್ ದಿ ಡೆಡ್’, ‘ಅಲೋನ್ ಇನ್ ದಿ ಡಾರ್ಕ್’, ‘ಬ್ಲಡ್‌ರೇನ್’ ಅಂತ ಸಾಲುಸಾಲಾಗಿ ಗೇಮ್ ಸಿನಿಮಾ ಮಾಡಿದ್ರು. ವಿಮರ್ಶಕರು ಹರಿದು ಹಾಕಿದ್ರು. 2006ರಲ್ಲಿ ಬೋಲ್ ಏನು ಮಾಡಿದ್ರು ಗೊತ್ತಾ? ಕೆಲವು ವಿಮರ್ಶಕರನ್ನ ಬಾಕ್ಸಿಂಗ್ ರಿಂಗಿಗೆ ಕರೆದು ಹೊಡೆದ್ರು. ತಮಾಷೆ ಅಲ್ಲ, ನಿಜವಾಗ್ಲೂ!

2005ರ ಕೊನೆಗೆ ಜರ್ಮನಿ ಆ ತೆರಿಗೆ ದಾರಿ ಮುಚ್ಚಿತು. ಹೆಸರು ಮಾತ್ರ ಕೆಟ್ಟೇ ಹೋಗಿತ್ತು. ಈ ಚಿತ್ರಗಳಿಂದ ‘ಗೇಮ್ ಸಿನಿಮಾ ಆಗಲ್ಲ’ ಅಂತ ಸಾಬೀತಾಗಲ್ಲ. ನೋಡುಗನ ಮನಸ್ಸು ಗೆಲ್ಲಬೇಕಾದ ಅಗತ್ಯವೇ ಇಲ್ಲದ ಕಡೆ ಒಳ್ಳೆ ಸಿನಿಮಾ ಹುಟ್ಟೋದು ಕಷ್ಟ ಅನ್ನೋದಷ್ಟೇ ಸಾಬೀತು.

—

ಭಾಗ 6/7: ಸೋನಿಕ್‌ನ ಹಲ್ಲು, ಯಾರದೋ ಕೆಲಸ

2019ರ ಏಪ್ರಿಲ್ 30. ‘ಸೋನಿಕ್ ದಿ ಹೆಡ್ಜ್‌ಹಾಗ್’ ಟ್ರೇಲರ್ ಬಂತು. ಸೆಗಾ ಕಂಪನಿಯ ಆ ನೀಲಿ ಮುಳ್ಳುಹಂದಿಗೆ ಚಿಕ್ಕ ಚಿಕ್ಕ ಕಣ್ಣು, ಮನುಷ್ಯರ ಹಲ್ಲು! ಅಭಿಮಾನಿಗಳು ಬೆಚ್ಚಿಬಿದ್ರು. ಎರಡೇ ದಿನದಲ್ಲಿ ನಿರ್ದೇಶಕ ಜೆಫ್ ಫೌಲರ್, ರೂಪ ಬದಲಾಯಿಸ್ತೀವಿ ಅಂತ ಬಹಿರಂಗವಾಗಿ ಹೇಳಿದ್ರು. ಬಿಡುಗಡೆ ನವೆಂಬರಿನಿಂದ 2020ರ ಫೆಬ್ರವರಿ 14ಕ್ಕೆ ಹೋಯ್ತು. ಹೊಸ ಸೋನಿಕ್ ಗೇಮ್‌ನಿಂದಲೇ ಎದ್ದು ಬಂದ ಹಾಗಿದ್ದ. ಚಿತ್ರ 30 ಕೋಟಿ ಡಾಲರ್ ದಾಟಿತು, ಮುಂದಿನ ಭಾಗಗಳೂ ಬಂದ್ವು.

ಗೇಮ್ ಸಿನಿಮಾಗಳ ಇತಿಹಾಸದಲ್ಲಿ ಇದು ತಿರುವು. ಆಡುಗರ ಮಾತು ಕೇಳೋದು ಲಾಭ ಅಂತ ಹಾಲಿವುಡ್‌ಗೆ ಗೊತ್ತಾಯ್ತು.

ಆದ್ರೆ ಇನ್ನೊಂದು ವಿಷಯ ಕಡಿಮೆ ಜನ ಹೇಳ್ತಾರೆ. ಈ ಚಿತ್ರಕ್ಕೆ ಗ್ರಾಫಿಕ್ಸ್ ಮಾಡಿದವರಲ್ಲಿ ಎಂಪಿಸಿ ಕಂಪನಿಯ ಕೆನಡಾದ ವ್ಯಾಂಕೂವರ್ ಶಾಖೆಯೂ ಇತ್ತು. 2019ರ ಡಿಸೆಂಬರಿನಲ್ಲಿ, ಚಿತ್ರ ತೆರೆಗೆ ಬರೋ ಎರಡು ತಿಂಗಳ ಮುಂಚೆ, ಆ ಶಾಖೆ ಮುಚ್ಚಿತು. ಕಂಪನಿ ಕೊಟ್ಟ ಕಾರಣ ಮಾರುಕಟ್ಟೆಯ ಒತ್ತಡ, ಸಿನಿಮಾ ಅಲ್ಲ. ಆದ್ರೂ ಯೋಚಿಸಿ: ನಮಗಾಗಿ ಹಲ್ಲು ತಿದ್ದಿದವರಲ್ಲಿ ಎಷ್ಟೋ ಜನ ಚಿತ್ರದ ಗೆಲುವು ನೋಡೋ ಹೊತ್ತಿಗೆ ಬೇರೆ ಕೆಲಸ ಹುಡುಕ್ತಿದ್ರು.

‘ಫ್ಯಾನ್ಸ್ ಗೆದ್ರು’ ಅನ್ನೋ ಕಥೆಯೊಳಗೆ ಇವರಿಗೂ ಒಂದು ಸಾಲು ಇರಲಿ.

—

ಭಾಗ 7/7: ಕಿತ್ಕೊಂಡಿದ್ದಕ್ಕೆ ಬದಲಾಗಿ ಏನು ಕೊಟ್ರು?

(‘ದಿ ಲಾಸ್ಟ್ ಆಫ್ ಅಸ್’ ನೋಡದವರಿಗೆ ಸ್ಪಾಯ್ಲರ್ ಇದೆ.)

2023. ಮಾರಿಯೊ ಮತ್ತೆ ಬಂದ. ಈ ಸಲ ಕಾರ್ಟೂನ್ ರೂಪದಲ್ಲಿ. ಮಾರಿಯೊನ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಅವರೇ ಒಬ್ಬ ನಿರ್ಮಾಪಕ. ಕಥೆ ಈಗಲೂ ತೆಳು, ವಿಮರ್ಶಕರು ಅದನ್ನ ಹೇಳಿದ್ರು ಕೂಡ. ಆದ್ರೆ ನೀಲಿ ಆಕಾಶ ವಾಪಸ್ ಬಂತು, ಕೊಳವೆ ಬಂತು, ಕೊಜಿ ಕೊಂಡೊ ಅವರ ಹಳೇ ರಾಗಗಳು ಬಂದ್ವು. ಗಳಿಕೆ ಸುಮಾರು 136 ಕೋಟಿ ಡಾಲರ್. 2023ರಲ್ಲಿ ‘ಬಾರ್ಬಿ’ ಬಿಟ್ರೆ ಇದೇ ಹೆಚ್ಚು.

ಆ ಚಿತ್ರ ಕೊಟ್ಟಿದ್ದು ನೆನಪು. ಅಪ್ಪ ಅಮ್ಮ ತಾವು ಚಿಕ್ಕವರಿದ್ದಾಗ ಆಡಿದ ಲೋಕವನ್ನ ಮಕ್ಕಳ ಪಕ್ಕ ಕೂತು ನೋಡಿದ್ರು.

ಅದೇ ವರ್ಷದ ಜನವರಿಯಲ್ಲಿ ಎಚ್‌ಬಿಒ ಸರಣಿ ‘ದಿ ಲಾಸ್ಟ್ ಆಫ್ ಅಸ್’ ಬಂದಿತ್ತು. ಸಿನಿಮಾ ಅಲ್ಲ, ಸರಣಿ. ಆದ್ರೂ ನಮ್ಮ ಪ್ರಶ್ನೆಗೆ ಅತ್ಯಂತ ಒಳ್ಳೆ ಉತ್ತರ ಅದರ ಮೂರನೇ ಕಂತಿನಲ್ಲಿದೆ.

2013ರ ಗೇಮ್‌ನಲ್ಲಿ ಹೆಚ್ಚಿನ ಹೊತ್ತು ನಾವು ಜೋಯಲ್ ಆಗಿರ್ತೀವಿ. ಅವನು ಎಲ್ಲಿ ಹೋಗ್ತಾನೋ ಅಲ್ಲಿ ನಾವು. ದಾರಿಯಲ್ಲಿ ಬಿಲ್ ಅನ್ನೋ ಒಂಟಿ ಮನುಷ್ಯ ಸಿಗ್ತಾನೆ. ಅವನ ಸಂಗಾತಿ ಫ್ರ್ಯಾಂಕ್ ಆಗಲೇ ಸತ್ತಿರ್ತಾನೆ. ಒಂದು ಹೆಣ, ಒಂದು ಕಹಿ ಪತ್ರ, ಅಷ್ಟೇ. ನಾವು ಓದ್ತೀವಿ, ಮುಂದೆ ನಡೀತೀವಿ. ಯಾಕಂದ್ರೆ ಜೋಯಲ್ ನಮ್ಮ ಕೈಯಲ್ಲಿದ್ದಾನೆ, ಅವನನ್ನ ಬಿಟ್ಟು ನಾವು ಎಲ್ಲೂ ಹೋಗೋಕಾಗಲ್ಲ.

ಸರಣಿಗೆ ಆ ಕಟ್ಟುಪಾಡು ಇಲ್ಲ. ಗೇಮ್ ಬರೆದ ನೀಲ್ ಡ್ರಕ್‌ಮನ್ ಮತ್ತು ಟೀವಿ ಕಸುಬು ಬಲ್ಲ ಕ್ರೇಗ್ ಮೇಜಿನ್ ಜತೆಗೂಡಿ ಜೋಯಲ್‌ನನ್ನ ಪಕ್ಕಕ್ಕೆ ನಿಲ್ಲಿಸಿದ್ರು. ಹೆಚ್ಚುಕಡಿಮೆ ಇಡೀ ಕಂತನ್ನ ಬಿಲ್, ಫ್ರ್ಯಾಂಕ್ ಇಬ್ಬರಿಗೇ ಕೊಟ್ರು. ಒಟ್ಟಿಗೆ ಊಟ, ಸ್ಟ್ರಾಬೆರಿ ಗಿಡ, ಜಗಳ, ಮುಪ್ಪು, ಒಟ್ಟಿಗೇ ಸಾವು. ಕಹಿ ಪತ್ರ ಇದ್ದ ಜಾಗದಲ್ಲಿ ಒಂದು ಇಡೀ ಸಂಸಾರ. ಬಿಲ್ ಪಾತ್ರಕ್ಕೆ ನಿಕ್ ಆಫರ್‌ಮನ್‌ಗೆ ಎಮ್ಮಿ ಪ್ರಶಸ್ತಿ ಬಂತು.

ಗೇಮ್ ಆಡುವಾಗ ನಾವು ಒಬ್ಬರ ಒಳಗೆ ಇರ್ತೀವಿ. ಕೈಯಿಂದ ಕಂಟ್ರೋಲರ್ ಕೆಳಗಿಟ್ಟಾಗ ಮಾತ್ರ ಇನ್ನೊಬ್ಬರ ಮನೆಯೊಳಗೆ ಕೂತು ನೋಡೋಕೆ ಬಿಡುವು ಸಿಗುತ್ತೆ. ನಷ್ಟ ಅಂದುಕೊಂಡಿದ್ದೇ ಇಲ್ಲಿ ಬಂಡವಾಳ ಆಯ್ತು.

ಇದರಿಂದ ಸೂತ್ರ ಸಿಕ್ಕಿಬಿಡ್ತು ಅಂತಲ್ಲ. 2024ರ ‘ಬಾರ್ಡರ್‌ಲ್ಯಾಂಡ್ಸ್’ಗೆ ದೊಡ್ಡ ಬಜೆಟ್ ಇತ್ತು, ಕೇಟ್ ಬ್ಲಾಂಚೆಟ್ ಇದ್ರು, ಗೇಮ್ ಕಂಪನಿಯೂ ಜತೆಗಿತ್ತು. ಗಳಿಕೆ ಸುಮಾರು 3.3 ಕೋಟಿ ಡಾಲರ್ ಅಷ್ಟೇ. ಮರುವರ್ಷ, ಹೇಳಿಕೊಳ್ಳೋ ಕಥೆಯೇ ಇಲ್ಲದ ಗೇಮ್‌ನಿಂದ ಬಂದ ‘ಎ ಮೈನ್‌ಕ್ರಾಫ್ಟ್ ಮೂವಿ’ 95 ಕೋಟಿ ದಾಟಿತು. ಅಮೆರಿಕದ ಥಿಯೇಟರುಗಳಲ್ಲಿ ಹುಡುಗರು ಒಂದು ದೃಶ್ಯಕ್ಕೆ ಎದ್ದು ಕೂಗಿ ಪಾಪ್‌ಕಾರ್ನ್ ಎರಚಿದ್ರು. ಬಟನ್ ಕಿತ್ಕೊಂಡ್ರೆ ಏನಂತೆ, ಥಿಯೇಟರನ್ನೇ ಆಟದ ಮೈದಾನ ಮಾಡ್ಕೊಂಡ್ರು. (ಗುಡಿಸೋ ಸಿಬ್ಬಂದಿಯ ಪಾಡು ಬೇರೆ ಕಥೆ.)

ಹಾಗಾಗಿ ನನ್ನ ಉತ್ತರ: ಹೌದು, ಗೇಮ್‌ನಿಂದ ಒಳ್ಳೆ ಸಿನಿಮಾ ಸಾಧ್ಯ. ಆದ್ರೆ ಮೊದಲ ದಿನವೇ ತಂಡ ತನ್ನನ್ನ ತಾನು ಒಂದು ಪ್ರಶ್ನೆ ಕೇಳ್ಕೋಬೇಕು. ಆಡುಗನ ಕೈಯಿಂದ ಇದನ್ನ ಕಿತ್ಕೊಳ್ತಿದ್ದೀವಿ, ಬದಲಿಗೆ ಏನು ಕೊಡ್ತೀವಿ? 1993ರಲ್ಲಿ ಫಂಗಸ್ ಕೊಟ್ರು. 2001ರಲ್ಲಿ ಕೂದಲು ಕೊಟ್ರು. 2023ರಲ್ಲಿ ಇಬ್ಬರು ಮುದುಕರ ಪ್ರೀತಿ ಕೊಟ್ರು.

ನೀವು ಆಡಿದ ಯಾವ ಗೇಮ್ ತೆರೆಗೆ ಬರಬೇಕು? ಅದರಲ್ಲಿ ಬಟನ್ ಇಲ್ಲದಿದ್ರೂ ಉಳಿಯೋದು ಏನು? ಕಾಮೆಂಟಲ್ಲಿ ಬರೀರಿ, ಎಲ್ಲ ಓದ್ತೀನಿ. ಸರಣಿ ಇಷ್ಟ ಆಗಿದ್ರೆ ಸೇವ್ ಮಾಡ್ಕೊಳ್ಳಿ, ಟೀವಿ ಗೇಮ್ ಕಾಲದ ನಿಮ್ಮ ಗೆಳೆಯರಿಗೆ ಕಳಿಸಿ.

#ಕನ್ನಡ #ಸಿನಿಮಾಇತಿಹಾಸ #ವಿಡಿಯೊಗೇಮ್ #ಮಾರಿಯೊ #ಟೀವಿಗೇಮ್