ಪರುಷಮಣಿಯಿಂದ ರೇಡಿಯಂವರೆಗೆ

ಕಲಘಟಗಿ ತಾಲೂಕಿನ ತಂಬೂರಿನಂಥ ಊರುಗಳ ದಾರಿಯಲ್ಲಿ ರಾತ್ರಿ ಹೊತ್ತು ಕಬ್ಬು ಹೇರಿದ ಟ್ರ್ಯಾಕ್ಟರ್ ಮುಂದೆ ಸಾಗುತ್ತಿದ್ದರೆ, ಅದರ ಹಿಂಬದಿಗೆ ಅಂಟಿಸಿದ ಕೆಂಪು ಪಟ್ಟಿ ಫಳಫಳ ಹೊಳೆಯುತ್ತದೆ. ಜನ ಅದನ್ನು ‘ರೇಡಿಯಂ’ ಎನ್ನುತ್ತಾರೆ. ಅದರಲ್ಲಿ ರೇಡಿಯಂ ಲವಲೇಶವೂ ಇಲ್ಲ. ಬಿದ್ದ ಬೆಳಕನ್ನು ಅದು ಹಿಂದಿರುಗಿಸುತ್ತದೆ, ಅಷ್ಟೆ. ಆದರೆ ಆ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದ ಒಂದು ದೊಡ್ಡ ಬೆರಗು ಉಳಿದುಕೊಂಡಿದೆ.

ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಪತ್ತೆಹಚ್ಚಿದ್ದು 1898ರಲ್ಲಿ. ತನ್ನಷ್ಟೇ ತೂಕದ ಮಂಜುಗಡ್ಡೆಯನ್ನು ಒಂದು ಗಂಟೆಯೊಳಗೆ ಕರಗಿಸುವಷ್ಟು ಶಾಖವನ್ನು ಅದು ಬೆಂಕಿಯಿಲ್ಲದೆ ಸತತವಾಗಿ ಹೊರಸೂಸುತ್ತದೆಂದು 1903ರಲ್ಲಿ ತಿಳಿಯಿತು. ಅಷ್ಟರಲ್ಲೇ ಕೆನಡಾದ ಮಾಂಟ್ರಿಯಲ್‌ನಲ್ಲಿ ರುದರ್‌ಫೋರ್ಡ್ ಮತ್ತು ಸಾಡಿ, ಥೋರಿಯಂ ತಾನಾಗಿಯೇ ಬೇರೆ ಮೂಲವಸ್ತುವಾಗಿ ಬದಲಾಗುವುದನ್ನು ಕಂಡಿದ್ದರು. ಮೂಲವಸ್ತು ಎಂದೂ ಬದಲಾಗದು ಎಂಬ ಹತ್ತೊಂಬತ್ತನೆಯ ಶತಮಾನದ ಪಾಠ ಅಲ್ಲಿಗೆ ಸುಳ್ಳಾಯಿತು.

ಕಬ್ಬಿಣಕ್ಕೆ ಪರುಷ ಸೋಕಿ ಹೊನ್ನಾಗುವ ಮಾತು ವಚನಕಾರರ ಕಾಲದಿಂದಲೂ ನಮಗೆ ಪರಿಚಿತ. ಸಿದ್ಧರ ರಸವಿದ್ಯೆಯ ಕಥೆಗಳೂ ಉಂಟು. ಹೀಗಾಗಿ ‘ಹಿರಿಯರು ಹೇಳಿದ್ದೇ ನಿಜವಾಯಿತು’ ಎನ್ನುವುದು ಸುಲಭ. ಆದರೆ ಹಿರಿಯರ ಮಾತು ಒಂದೇ ಆಗಿರಲಿಲ್ಲ. ವೈಶೇಷಿಕರ ಪರಮಾಣು ನಿತ್ಯವಾದದ್ದು. ಪೃಥ್ವಿಯ ಪರಮಾಣು ಎಂದೂ ಜಲದ ಪರಮಾಣು ಆಗದು. ಜೈನರ ಪರಮಾಣುಗಳಲ್ಲಾದರೋ ಇಂಥ ಜಾತಿಭೇದವಿಲ್ಲ. ಗುಣ ಮಾತ್ರ ಬದಲಾಗುತ್ತದೆ. ಇವು ತರ್ಕದಿಂದ ಕಂಡವು. ಮಾಂಟ್ರಿಯಲ್ಲಿನದು ಅಳತೆಯಿಂದ ಕಂಡದ್ದು.

ಇವೆರಡೂ ಅಲ್ಲದ ಮೂರನೆಯ ದಾರಿಯನ್ನು ಥಿಯಸಾಫಿಸ್ಟರು ಹಿಡಿದರು. ಆನಿ ಬೆಸೆಂಟ್ ಮತ್ತು ಲೆಡ್‌ಬೀಟರ್ 1908ರ ತಮ್ಮ ಪುಸ್ತಕದಲ್ಲಿ, ಯೋಗದೃಷ್ಟಿಯಿಂದ ಜಲಜನಕದೊಳಗೆ 18 ಸೂಕ್ಷ್ಮ ಕಣಗಳನ್ನು ಕಂಡೆವೆಂದು ಬರೆದು, ಅವಕ್ಕೆ ‘ಅಣು’ ಎಂಬ ನಮ್ಮ ಹೆಸರನ್ನೇ ಇಟ್ಟರು. ಪ್ರಯೋಗಶಾಲೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಇಂಥ ಕಾಲದಲ್ಲಿ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜತೆಗೂಡಿ ‘ವಿಜ್ಞಾನ’ ಪತ್ರಿಕೆಯನ್ನು ಕನ್ನಡದಲ್ಲಿ ಹೊರತಂದರು. ಅದು ಬಹುಕಾಲ ನಡೆಯಲಿಲ್ಲ. ಆದರೂ ಹೊಸ ತಿಳಿವನ್ನು ತೂಗಿ ನೋಡಲು ಬೇಕಾದ ಮಾತು ಕನ್ನಡದಲ್ಲೇ ಇರಬೇಕೆಂಬ ಹಟ ದೊಡ್ಡದು.

ಆ ತೂಕ ಏಕೆ ಬೇಕೆಂಬುದಕ್ಕೆ ಚಿನ್ನದ ಕಥೆಯೇ ಸಾಕ್ಷಿ. 1924ರಲ್ಲಿ ಬರ್ಲಿನ್ನಿನ ಮೀಟೆ, ಟೋಕಿಯೊದ ನಾಗಾವೋಕ ಪಾದರಸದಿಂದ ಚಿನ್ನ ಬಂತೆಂದು ಸಾರಿದರು. ಬೇರೆಯವರು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. 1941ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಪಾದರಸಕ್ಕೆ ನ್ಯೂಟ್ರಾನ್‌ಗಳನ್ನು ಹೊಡೆದು ನಿಜಕ್ಕೂ ಚಿನ್ನ ಪಡೆದರು. ಆದರೆ ಅದು ವಿಕಿರಣಶೀಲ. ದಿನಗಳೊಳಗೆ ಮತ್ತೆ ಪಾದರಸವಾಗುವಂಥದು!

ಬೆರಗಿಗೆ ಬೆಲೆ ತೆತ್ತವರೂ ಇದ್ದಾರೆ. ಅಮೆರಿಕದಲ್ಲಿ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುತ್ತಿದ್ದರು. 1920ರ ದಶಕದಲ್ಲಿ ಅವರಲ್ಲಿ ಹಲವರು ದವಡೆಯ ಮೂಳೆ ಕೊಳೆತು ಸತ್ತರು. ನಮ್ಮಲ್ಲಿ ಒಡವೆ ದುಪ್ಪಟ್ಟು ಮಾಡಿಕೊಡುತ್ತೇವೆಂದು ನಂಬಿಸುವವರ ಕೈಗೆ ಸಿಕ್ಕು ಮನೆಯ ಬಂಗಾರ ಕಳೆದುಕೊಂಡವರ ಸುದ್ದಿ ಇಂದಿಗೂ ಬರುತ್ತದೆ.

ಮೂಲವಸ್ತು ಬದಲಾಗುವುದು ಸುಳ್ಳಲ್ಲ. ಧಾರವಾಡಕ್ಕೆ ನೆರೆಯ ಉತ್ತರ ಕನ್ನಡದ ಕೈಗಾದಲ್ಲಿ 1999ರಿಂದ ಯುರೇನಿಯಂ ಒಡೆದು ಬೇರೆ ಮೂಲವಸ್ತುಗಳಾಗುತ್ತಿದೆ. ಅದರ ಶಾಖವೇ ವಿದ್ಯುತ್ತಾಗುತ್ತಿದೆ. ರಸವಾದಿಗಳು ಅರಸಿದ್ದು ಹೊನ್ನನ್ನು. ಬದಲಾವಣೆಯಲ್ಲಿ ಸಿಕ್ಕಿದ್ದು ಶಕ್ತಿ. ಅದರೊಡನೆ ಜೋಪಾನ ಮಾಡಬೇಕಾದ ವಿಕಿರಣವೂ ಬಂತು. ಪರುಷ ಸೋಕಿದರೆ ಸಾಕು ಎಂಬ ಮಾತು ಕಾವ್ಯಕ್ಕೆ ಒಪ್ಪುತ್ತದೆ. ಲೋಹಕ್ಕೆ ಲೆಕ್ಕ, ಎಚ್ಚರ ಎರಡೂ ಬೇಕು.